ಬಣ್ಣ: ಎಂದಿನಂತೆ

ಇದ್ದದ್ದು ಒಂದೇ ಫೋಟೊ.
ಅದೂ ಗಾಡಿಯದಲ್ಲ,
ಭಾನುವಾರದ ಶಾಲೆಯ ಮಕ್ಕಳು ಸಮುದ್ರ ನೋಡಲು ಹೊರಟ ದಿನದ್ದು.
ನಲವತ್ತು ಹುಲ್ಲುಟೋಪಿ, ಒಬ್ಬ ಪಾದ್ರಿ,
ಅಲುಗಾಡಿ ಎರಡು ತಲೆಯಾದ ನಾಯಿ.
ಅವರೆಲ್ಲರ ಹಿಂದೆ, ಪಕ್ಕದ ಹಳಿಯಲ್ಲಿ,
ಕರೆಯದೆ ಬಂದ ನೆಂಟನ ಹಾಗೆ
ಏಳು ಹಲಗೆಯ ಕಲ್ಲಿದ್ದಲ ವ್ಯಾಗನ್ನು:
ಎನಕ್ ಯೆಮ್ ಅಂಡ್ ಸನ್ —
ಆಮೇಲೆ ಒಬ್ಬ ಪೋರ್ಟರನ ಭುಜ.

ಭುಜದ ಹಿಂದೆ ಇನ್ನೊಂದಕ್ಷರ ಇತ್ತೋ ಇಲ್ಲವೋ.
ಮಗನೋ, ಮಕ್ಕಳೋ.
ಅದೊಂದು; ಬಣ್ಣ ಯಾವುದು, ಇದೊಂದು.
ಆ ಕಾಲದ ಫಿಲ್ಮಿಗೆ ಕೆಂಪುಗುರುಡು,
ಕಪ್ಪೂ ಕಪ್ಪೇ, ಕೆಂಪೂ ಕಪ್ಪೇ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು,
ಗ್ಲಾಸ್ಟರಿನಿಂದ ಡೀನ್ ಕಾಡಿನ ಊರೂರಿಗೆ.
ಹಳಿ ಕಿತ್ತ ಮೇಲೆ ಜನ ನನ್ನ ಬಸ್ಸು ಹತ್ತಿದರು.
ಆ ಋಣಕ್ಕೋ ಏನೋ, ಈಗ ಅಟ್ಟದ ಮೇಲೆ
ಹದಿನಾಲ್ಕು ಅಡಿ ಪ್ಲೈವುಡ್ಡಿಗೆ
ಅದೇ ಹಳಿಯನ್ನು ಮರಳಿ ಹಾಸುತ್ತಿದ್ದೇನೆ.
"ಬೆರಳುದ್ದದ ಡಬ್ಬಿ," ಅನ್ನುತ್ತಾಳೆ ಲೆಟಿಸ್,
"ತಾಳೆ ನೋಡಲು ಯಾರು ಬರುತ್ತಾರೆ?"
ಯಾರೂ ಬರುವುದಿಲ್ಲ. ಅದೇ ಕಷ್ಟ.

ದಾಖಲೆ ಕಚೇರಿಯಲ್ಲಿ ಪೆನ್ನು ಇಸಿದುಕೊಂಡು ಪೆನ್ಸಿಲು ಕೊಟ್ಟರು.
ಹಸುಗೂಸನ್ನು ಮಲಗಿಸಿದಂತೆ ದಿಂಬಿನ ಮೇಲಿಟ್ಟರು
ವ್ಯಾಗನ್ ಕಟ್ಟುತ್ತಿದ್ದವರ ಆರ್ಡರು ಪುಸ್ತಕ.
ಮೂರನೆಯ ಮಂಗಳವಾರ ಸಿಕ್ಕಿತು:

ಮಾರ್ಚ್, ೧೯೨೦. ಯೆಮ್. ಹತ್ತು ಟನ್ನಿನವು ಎರಡು.
ಅಕ್ಷರ ಬಿಳಿ, ನೆರಳು ಕಪ್ಪು.
ಖಾಲಿಯಾದೊಡನೆ ಕ್ರೋಬ್ರಿಜ್ ಗಣಿಗೆ ಹಿಂದಿರುಗಿಸತಕ್ಕದ್ದು.
ಬಣ್ಣ: ಎಂದಿನಂತೆ.

ಅಡ್ಡಗೋಡೆಯ ಮೇಲೆ ದೀಪವಿಟ್ಟ ಪುಣ್ಯಾತ್ಮ!
ಎಂದಿನಂತೆ ಎಂದರೆ ಹಿಂದಿನಂತೆ;
ಹಿಂದಿನ ಆರ್ಡರು ೧೯೧೨ರದು,
ಆ ಪುಟದ ಕೆಳಭಾಗ ಇಲಿಯ ಹೊಟ್ಟೆಗೆ.
ಆದರೆ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಗುಮಾಸ್ತನ ಕೈ:
ಕೊನೆಯ ಅಕ್ಷರ ಬೇಡವೆಂದು ಗ್ರಾಹಕರ ಸೂಚನೆ.
ಎರಡು ಗಾಡಿ, ಎರಡೆರಡು ಮಗ್ಗುಲು, ನಾಲ್ಕಕ್ಷರ.
ಅಕ್ಷರಕ್ಕೆ ನಾಲ್ಕು ಪೆನ್ಸ್.
ಬಿಲ್ಲಿನಲ್ಲಿ ಕಳೆಯಿರಿ.

ಆ ದಿನ ಬೇರೇನೂ ಓದಲಿಲ್ಲ.

ಮಿಸ್ ಕೆಝಾಯಾ ಯೆಮ್, ಎಂಬತ್ತೊಂದು ವರ್ಷ,
ಫೋಟೊ ನೋಡಿ ಮೊದಲು ನಾಯಿಯನ್ನು ಗುರುತಿಸಿದಳು.
ಆಮೇಲೆ ಎರಡನೇ ಸಾಲಿನ ಮುಖ ಗಂಟಿಕ್ಕಿದ ಹುಡುಗಿಯನ್ನು:
"ನಾನು. ಬೂಟು ಕಚ್ಚುತ್ತಿತ್ತು."
ಆಮೇಲೆ ಭುಜವನ್ನು. ಬಹಳ ಹೊತ್ತು.
"ಅಮೋಸ್ ಫ್ರಾನ್ಸಿನಿಂದ ಬರಲಿಲ್ಲ.
ಹಳೆಯ ಗಾಡಿಗಳ ಮೇಲಿದ್ದುದನ್ನು ಕೆರೆಯಲು ಅಪ್ಪ ಬಿಡಲಿಲ್ಲ.
ಹೊಸದರ ಮೇಲೆ ಬರೆಸಲೂ ಇಲ್ಲ.
ಇದು ಯಾವುದೋ, ನಂಬರು ಕಾಣದೆ ಹೇಗೆ ಹೇಳಲಿ?"
ಚಹಾ ಸುರಿಯುತ್ತ ಸೇರಿಸಿದಳು:
"ಇಪ್ಪತ್ತೆರಡು ವರ್ಷ ಲೆಕ್ಕ ಬರೆದವಳು ನಾನು.
ನನ್ನನ್ನು ಯಾವ ಹಲಗೆಯ ಮೇಲೂ ಬರೆಸಲಿಲ್ಲ."

ಬಣ್ಣ?
"ತೊಳೆದದ್ದನ್ನು ನಾನು ಕಂಡೇ ಇಲ್ಲ," ಎಂದಳು.
ಯುದ್ಧದಲ್ಲಿ ಸರ್ಕಾರ ಎಲ್ಲವನ್ನೂ ಎಳೆದುಕೊಂಡಿತು,
ರಿಪೇರಿಗೆ ಬಂದಿದ್ದೊಂದರ ಹಲಗೆ ಮಾತ್ರ
ಕೋಳಿಗೂಡಾಗಿ ಉಳಿದಿದೆ, ಬೇಕಾದರೆ ನೋಡು.
ಮಂಡಿಯೂರಿ, ಕೋಳಿಗಳ ಬೈಗುಳ ಕೇಳುತ್ತ,
ಬಾಗಿಲಿನ ಕೀಲು ಬಿಚ್ಚಿದೆ.
ಕೀಲಿನಡಿ, ಬಿಸಿಲು ಮುಟ್ಟದ ಒಂದಂಗುಲ:
ಬೇಯಿಸಿದ ಬೀಟ್‌ರೂಟಿನ ಸಿಪ್ಪೆಯ ಕೆಂಪು.

ಅದನ್ನೇ ಕಲಸಿ ಬಳಿದೆ.
ಬಿಳಿ ಅಕ್ಷರ, ಕೂದಲೆಳೆಯ ಕಪ್ಪು ನೆರಳು.
ಆಮೇಲೆ ಮಸಿ, ಮಣ್ಣು, ಬೇಕರಿಯ ಬೂದಿ.
ಭೂತಗನ್ನಡಿ ಹಿಡಿದು ನೋಡಿದ ಕೆಝಾಯಾ
"ಕೊಳೆ ಸರಿಯಾಗಿದೆ," ಎಂದಳು, ಅಷ್ಟೆ.

ಮುಂದೆ ಒಬ್ಬ ಪೋರ್ಟರನನ್ನು ನಿಲ್ಲಿಸಿದ್ದೇನೆ,
ಅಕ್ಕಿಕಾಳಿನಷ್ಟು ಭುಜ, ಫೋಟೊದಲ್ಲಿದ್ದ ಹಾಗೇ ಓರೆ.
ಅದರ ಹಿಂದೆ ಏನು ಬರೆದೆನೆಂದು
ಲೆಟಿಸ್‌ಗೂ ಹೇಳಿಲ್ಲ.
ಅಂಟು ಸಾಲದು ಅವನಿಗೆ.
ಐದೂ ನಲವತ್ತರ ಪ್ಯಾಸೆಂಜರ್ ಹಾದಾಗಲೆಲ್ಲ
ಮುಖ ಅಡಿಯಾಗಿ ಬೀಳುತ್ತಾನೆ;
ಯಾರಾದರೂ ಮೆಟ್ಟಿಲು ಹತ್ತಿ ಬರುವ ಮೊದಲೇ
ಚಿಮುಟದಲ್ಲಿ ಎತ್ತಿ ನಿಲ್ಲಿಸುತ್ತೇನೆ.