ಎರಡು ಸಲ ಮುಳುಗಿದವನು

ತೋರ್ಶಾವ್ನಿನ ಬಂದರಿಗೆ ಮುಖ ಮಾಡಿದ ಮೂರನೇ ಮಹಡಿ.
ಕಿಟಕಿಗೆ ಮಂಜು ಅಂಟಿ ಕೂತಿದೆ, ಎದ್ದು ಹೋಗುವ ಲಕ್ಷಣವಿಲ್ಲ.
ಕಡಲಲ್ಲಿ ಸತ್ತವರ ಪಟ್ಟಿ ನನ್ನ ಪಾಲಿಗೆ ಬಂದಿದೆ:
ಏಳು ಚರ್ಚುಗಳ ಪುಸ್ತಕ, ಮೂವರು ಹಡಗು ಮಾಲೀಕರ ಲೆಕ್ಕ
ಎಲ್ಲ ಸುರಿದು ಒಂದೇ ಕೋಷ್ಟಕ,
ಆರು ನೂರ ಹದಿನೆಂಟು ಸಾಲು.

ಇಷ್ಟು ಜನ ಮುಳುಗಿಲ್ಲ, ಗೊತ್ತು.
ಪಾದ್ರಿ ಬರೆದುಕೊಂಡ, ಮಾಲೀಕನೂ ಬರೆದುಕೊಂಡ,
ಒಬ್ಬನೇ ಮನುಷ್ಯ ಎರಡು ಶಾಯಿಯಲ್ಲಿ ಎರಡು ಸಲ ಮುಳುಗಿದ.
ಕಲ್ಲು ಕೆತ್ತುವ ಹೇರಾಲ್ವುರ್
ಅಕ್ಷರಕ್ಕಿಷ್ಟು ಅಂತ ಕೂಲಿ ಹೇಳಿದ್ದಾನೆ.
ಗುರುವಾರದೊಳಗೆ ಪಟ್ಟಿ ಕೊಡಬೇಕು.

“ಡಿಸ್ಟಿಂಕ್ಟ್ ಹಾಕು, ಮುಗೀತು” ಅಂದ ಹಾನುಸ್
ಕೋಟಿನ ತೋಳಿಗೆ ಕೈ ತೂರಿಸುತ್ತಾ.
ಹಾಕಿದೆ. ಒಂದೇ ಪದ, ಒಂದೇ ಉಸಿರು.
ನಾಲ್ಕು ನೂರ ಹನ್ನೊಂದು.
ಯಾರು ಹೋದರು, ಯಾರಲ್ಲಿ ಸೇರಿದರು,
ಕೇಳಿದರೆ ಬಾಯಿ ಬಿಡುವುದಿಲ್ಲ ಆ ಪದ.

ಗ್ರೂಪ್ ಬೈ ಸ್ವಲ್ಪ ಮಾತುಗಾರ:
ಗುಡ್ಡೆ ಹಾಕಿ, ಗುಡ್ಡೆಯಲ್ಲಿ ಎಷ್ಟಿವೆ ಅಂತಲಾದರೂ ಹೇಳುತ್ತದೆ.
ನಾಲ್ಕು ನೂರ ಹನ್ನೊಂದು ಗುಡ್ಡೆ.

ರೋ ನಂಬರ್ ಇನ್ನೂ ನಯ.
ಒಂದೇ ಥರದವರನ್ನು ಸಾಲಾಗಿ ನಿಲ್ಲಿಸಿ
ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು;
ಒಂದನ್ನು ಉಳಿಸಿ ಮಿಕ್ಕವರಿಗೆ ಬಾಗಿಲು ತೋರಿಸುತ್ತದೆ.
ಮೊದಲು ಯಾರು ನಿಲ್ಲಬೇಕು, ಅದು ನನ್ನಿಷ್ಟ.
ಪಾದ್ರಿಗಳನ್ನು ಮುಂದಿಟ್ಟೆ, ಅವರ ಅಕ್ಷರ ದುಂಡಗಿತ್ತು.
ಮತ್ತೆ ನಾಲ್ಕು ನೂರ ಹನ್ನೊಂದು.

ಇಲ್ಲಿಗೆ ನಿಲ್ಲಿಸಬಹುದಿತ್ತು.
ಹಳೇ ಚಟ ನನ್ನದು: ಕೋಷ್ಟಕವನ್ನು ಅದಕ್ಕೇ ಎದುರು ಕೂರಿಸಿ
ಹೆಸರಿಗೆ ಹೆಸರು, ಊರಿಗೆ ಊರು,
ಹುಟ್ಟಿದ ದಿನಕ್ಕೆ ಹುಟ್ಟಿದ ದಿನ ತಾಳೆ ನೋಡಿ
ಹಿಂದೆ ಬಂದದ್ದನ್ನು ಅಳಿಸುವುದು.
ನಿಧಾನದ ದಾರಿ. ಕಾಫಿ ಆರಿತು.
ನಾಲ್ಕು ನೂರ ಹನ್ನೆರಡು.

ಆ ಒಂದು ಯಾರು?

ತುಮ್ಮಸ್, ಓಲಾವುರನ ಮಗ, ಸ್ಕಾಲವೀಕ್.
ತುಮ್ಮಸ್, ಓಲಾವುರನ ಮಗ, ಸ್ಕಾಲವೀಕ್.
ಒಂದೇ ದೋಣಿ, ಒಂದೇ ದಿನ,
ಒಬ್ಬನೇ ಪಾದ್ರಿ, ಒಂದರ ಕೆಳಗೊಂದು.
ಹುಟ್ಟಿದ ದಿನ ಎರಡಕ್ಕೂ ಇಲ್ಲ, ನಲ್.

ನಲ್ ಅಂದರೆ ಸೊನ್ನೆಯಲ್ಲ.
ಗೊತ್ತಿಲ್ಲ ಎಂಬುದಕ್ಕೆ ಯಂತ್ರ ಇಟ್ಟುಕೊಂಡ ಹೆಸರು.
ನೇರ ನಿಲ್ಲಿಸಿ ಸಮವೇ ಎಂದು ಕೇಳಿದರೆ
ಒಂದು ಗೊತ್ತಿಲ್ಲ ಇನ್ನೊಂದು ಗೊತ್ತಿಲ್ಲಕ್ಕೆ ಸಮ
ಎಂದು ಅದು ಸತ್ತರೂ ಒಪ್ಪುವುದಿಲ್ಲ.
ಗುಡ್ಡೆ ಹಾಕುವಾಗ ಮಾತ್ರ ಎಲ್ಲ ಗೊತ್ತಿಲ್ಲಗಳೂ ಒಂದೇ ಗುಡ್ಡೆ.
ಮೂರು ದಾರಿ ಸುಮ್ಮನೆ ಗುಡಿಸಿದ್ದನ್ನು
ಒಂದು ದಾರಿ ಎಡವಿ ಉಳಿಸಿತು.

“ಪಾದ್ರಿಗೆ ತೂಕಡಿಕೆ ಬಂದಿರಬೇಕು” ಅಂದ ಹಾನುಸ್.

ಸ್ಕಾಲವೀಕಿಗೆ ಫೋನು ಹಚ್ಚಿದೆ.
ಸುನ್ನೇವಾಗೆ ತೊಂಬತ್ತೊಂದು, ಕಿವಿ ಮಂದ,
ಅಜ್ಜನ ಅಂಗಡಿಯ ಉದ್ದರಿ ಪುಸ್ತಕ ಇನ್ನೂ ಅಡುಗೆಮನೆಯಲ್ಲಿದೆ.
ಹಾಳೆ ಮಗುಚುವ ಸದ್ದು, ಕೆಮ್ಮು, ಮತ್ತೆ ಹಾಳೆ.
“ಓಲಾವುರ್... ಬೂಟು ಎರಡು ಜೊತೆ.
ಒಂದು ದೊಡ್ಡದು, ಒಂದು ಅದಕ್ಕಿಂತ ಸಣ್ಣದು.
ಮೇಲೆ ಗೀಟು ಎಳೆದಿದ್ದಾನೆ ನನ್ನಜ್ಜ, ಸಾಲ ಬಿಟ್ಟುಕೊಟ್ಟಿದ್ದಾನೆ.
ಅಲ್ಲವೇ ಹುಡುಗಿ, ಅಪ್ಪನ ಅಪ್ಪ ತುಮ್ಮಸ್, ಅಮ್ಮನ ಅಪ್ಪನೂ ತುಮ್ಮಸ್.
ಒಬ್ಬನ ಹೆಸರಿಟ್ಟು ಇನ್ನೊಬ್ಬನನ್ನು ಬಿಟ್ಟರೆ ಆದೀತೇ?
ಮನೆಯಲ್ಲಿ ದೊಡ್ಡ ತುಮ್ಮಸ್, ಪುಟ್ಟ ತುಮ್ಮಸ್.
ಊಟಕ್ಕೆ ಒಬ್ಬನನ್ನು ಕರೆದರೆ ಇಬ್ಬರೂ ಬರುತ್ತಿದ್ದರಂತೆ.”

ರೋಲ್‌ಬ್ಯಾಕ್ ಒತ್ತಿದೆ.
ಆರು ನೂರ ಹದಿನೆಂಟೂ ಮತ್ತೆ ಎದ್ದು ನಿಂತವು.
ಇನ್ನು ಒಂದೊಂದೇ ಗುಡ್ಡೆ ಬಿಚ್ಚಿ ನೋಡಬೇಕು,
ಇನ್ನೆಷ್ಟು ಮನೆಯಲ್ಲಿ ಇಬ್ಬರು ಅಜ್ಜಂದಿರಿದ್ದರೋ.

ಗುರುವಾರ ಹೋಗಿ ಸೋಮವಾರ ಬಂತು.
ಹೇರಾಲ್ವುರ್ ಪಟ್ಟಿಯ ಮೇಲೆ ಬೆರಳಿಟ್ಟ:
“ಇದು ಎರಡು ಸಲ ಬಿದ್ದಿದೆ. ಒಂದು ತೆಗೆಯಲೇ?”
ಬೇಡ ಅಂದೆ. ಎರಡರದ್ದೂ ಕೂಲಿ ಹಾಕು.
ಅವನು ಹೆಗಲು ಕುಣಿಸಿ ಉಳಿ ಎತ್ತಿಕೊಂಡ.
ಎರಡನೆಯದು ಕೊಂಚ ಸಣ್ಣದಾಗಿ ಬಂತು,
ಕಲ್ಲಿನ ಅಂಚು ಹತ್ತಿರವಿತ್ತು, ಜಾಗ ಸಾಲಲಿಲ್ಲ.