ಹಲ್ಲಿನಾಗ ಹಿಡಿದು ನೋಡಿದ್ದು

ದುರ್ಗದಬೈಲಿನಾಗ ನಾಕನೂರಾ ಐವತ್ತಂದ,
ಬಸ್ಸಿಗೆ ಹೊತ್ತಾತಂತ ತಿರುಗಿದೆ, ಮುನ್ನೂರಾ ಹತ್ತಕ್ಕ ಕೊಟ್ಟ.
ಹೆಬ್ಬೆರಳಿನಷ್ಟ ಟಾರ್ಚು. ಕಿಸೆಕ್ಕ ಭಾರಿಲ್ಲ,
ಬಗ್ಗಿದರ ಬೀಳಂಗಿಲ್ಲ, ಕ್ಲಿಪ್ಪು ಗಟ್ಟಿ ಐತಿ.

ಮೂರು ನಮೂನಿ ಬೆಳಕು.
ದೊಡ್ಡದು ಹಚ್ಚಿದರ ಆಚೆ ಓಣಿ ನಾಯಿ ಬೊಗಳತೈತಿ.
ಅಷ್ಟು ಯಾರಿಗೆ ಬೇಕು?
ಬೆಟಗೇರಿಯೊಳಗ ಕರೆಂಟ್ ಹೋದಾಗ
ನಾ ಹುಡುಕೋದು ಕಳ್ಳನ್ನಲ್ಲ,
ಹಣಿಗಿಯೊಳಗ ಹರಿದ ಒಂದು ಎಳಿ.
ಸಣ್ಣದ ಸಾಕು.

ಎರಡೂ ಕೈ ನೂಲಿನಾಗ ಇರತಾವು,
ಅದಕ್ಕ ಹಲ್ಲಿನಾಗ ಕಚ್ಚಿ ನೋಡಿದೆ:
ತಗಡಿನ ರುಚಿ, ಒಂದೀಟು ಜೊಲ್ಲು. ಇರ್ಲಿ.
ಗುಂಡಿ ಹಿಂದೈತಿ,
ನಾಲಿಗಿಲೇ ಒತ್ತಾಕ ಬರತೈತಿ.

ಖೋಡಿ ಒಂದ.
ಈ ಹಾಲಿನಂಥ ಬೆಳಕಿನಾಗ
ದಾಳಿಂಬರ ಬಣ್ಣದ ಸೆರಗು ಬದನಿಕಾಯಿ ಆಗತೈತಿ.
ರಾತ್ರಿ ತಪ್ಪು ಎಳಿ ಕೂಡಿಸಿ
ಮುಂಜಾನೆ ಎರಡು ಮೊಳ ಬಿಚ್ಚಿದೆ.

"ತಿರುಗಿ ಕೊಟ್ಟ ಬಾ" ಅಂದಳು ಫಕೀರವ್ವ.
ಹುಬ್ಬಳ್ಳಿಗೆ ಹೋಗಿಬರೂ ಚಾರ್ಜು ಎಣಿಸಿದೆ, ಸುಮ್ಮನಾದೆ.
ಆಕಿನ ಮೊಮ್ಮಗಳ ಕೈಯಾಗಿನ
ಲಿಂಬಿ ಪೆಪ್ಪರಮಿಂಟಿನ ಹಳದಿ ಕಾಗದ ಕಸಗೊಂಡು
ಟಾರ್ಚಿನ ಮೂತಿಗೆ ಸುತ್ತಿದಳು.

ದಾಳಿಂಬರ ದಾಳಿಂಬರನ ಆತು.
ಹುಡುಗಿ ಇನ್ನೂ ಅಳಾಕತ್ತೈತಿ.
ನನ್ನ ಬಾಯಾಗ, ಎಳಿ ಕೂಡಿಸುವಷ್ಟು ಹೊತ್ತೂ,
ಲಿಂಬಿಹುಳಿ.