ಕಡ ಕೊಟ್ಟ ಪಿರಿಯಡ್ಡು

ಜೂನಿನಲ್ಲಿ ವೇಳಾಪಟ್ಟಿ ಬರೆದವನು ನಾನೇ.
ಹೆಡ್‌ಮಾಸ್ಟರ ಕೋಣೆಯ ಗೋಡೆಗೆ, ದೊಡ್ಡ ಹಾಳೆಯಲ್ಲಿ,
ಗಣಿತಕ್ಕೆ ಏಳು, ವಿಜ್ಞಾನಕ್ಕೆ ಆರು,
ಚಿತ್ರಕಲೆಗೆ ಎರಡು: ಬುಧವಾರದ ಕೊನೆಯದು, ಶನಿವಾರದ ಕೊನೆಯದು.
ಆ ಎರಡು ಚೌಕಕ್ಕೆ ಮಾತ್ರ
ಯಾರೂ ಹೇಳದಿದ್ದರೂ ಹಳದಿ ತುಂಬಿದ್ದೆ.

ಜುಲೈಯಲ್ಲಿ ಬುಧವಾರ ಹೋಯಿತು.
ಗಣಿತದ ಕರಿಬಸಪ್ಪನವರು ಬಾಗಿಲಲ್ಲೇ ನಿಂತು
‘ಒಂದೇ ಪಿರಿಯಡ್ಡು ಸಾರ್, ಪ್ರಮೇಯ ಅರ್ಧಕ್ಕೆ ನಿಂತಿದೆ’ ಎಂದರು.
ಅರ್ಧಕ್ಕೆ ನಿಂತ ಪ್ರಮೇಯವನ್ನು
ಬಿಸಿಲಲ್ಲಿ ಕಾಯಿಸಲಾದೀತೆ, ಕೊಟ್ಟೆ.
ಶನಿವಾರವನ್ನು ಸಮಾಜದ ಅಂಜಿನಪ್ಪನವರು ಒಯ್ದರು,
ಸೂಳೆಕೆರೆಯ ಪಾಠ ಸೂಳೆಕೆರೆಯಷ್ಟೇ ಅಗಲವಂತೆ.
ಕಡ ಕೊಟ್ಟದ್ದನ್ನು ವಾಪಸು ಕೇಳುವ ನಾಲಿಗೆ
ನಮ್ಮಪ್ಪನಿಗೂ ಇರಲಿಲ್ಲ.
ಚೌಕಿಪೇಟೆಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ;
ಸತ್ತಾಗ ಅರ್ಧ ಪೇಟೆ ಅವನಿಗೆ ಬಾಕಿ.

ಪ್ರಾಜೆಕ್ಟು ಬಂತೆಂದರೆ ಮಾತ್ರ ಎಲ್ಲರೂ ನನ್ನ ಮೇಜಿಗೆ.
ವಿಜ್ಞಾನಕ್ಕೆ ನಾಲ್ಕು ಕೋಣೆಯ ಹೃದಯ,
ಹಿಂದಿಯವರ ದೋಹೆಗೆ ಸುತ್ತ ಬಳ್ಳಿ,
ಕನ್ನಡದ ಗುರುಸಿದ್ದಮ್ಮ ಮೇಡಂಗೆ ಸಂಧಿಗಳ ಮರ.
ಲೋಪಸಂಧಿಯ ಕೊಂಬೆಯನ್ನು ಎಲೆಯಿಲ್ಲದೆ ಬಿಟ್ಟೆ.
ಇಡೀ ಸ್ಟಾಫ್‌ರೂಮಿನಲ್ಲಿ ಅವರೊಬ್ಬರೇ ನೋಡಿ ನಕ್ಕರು.

ಒಂಬತ್ತನೇ ‘ಬಿ’ಯ ಮುಬೀನಾ ಚಾರ್ಟು ತರಲಿಲ್ಲ.
ಏಳು ಚೂರು ಬಟ್ಟೆ ತಂದಳು, ಅವಳಪ್ಪನ ಹಳೇ ಪಂಚೆ ಹರಿದದ್ದು.
ಮನೆ ಇರುವುದು ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ.
ದೀಪಾವಳಿ ಕಳೆದ ಮೇಲೆ ಸೋಮವಾರಕ್ಕೊಂದರಂತೆ
ಮಾಳಿಗೆಯ ತಂತಿಗೆ ಕಟ್ಟಿ, ಮುಂದಿನ ಸೋಮವಾರ ಬಿಚ್ಚಿ,
ಹಿಂದೆ ದಾರದಲ್ಲಿ ತಾರೀಖು ಹೊಲಿದಿದ್ದಾಳೆ.

‘ವಿಜ್ಞಾನದ ಸಾರು ಅಂಕಿ ಬೇಕಂತಾರೆ.
ಈ ಮಸಿಗೆ ಅಂಕಿ ಎಲ್ಲಿಂದ ತರಲಿ ಸಾರ್?’

ಹತ್ತು ಚೌಕ ಗೆರೆ ಎಳೆದೆ. ಮೊದಲನೆಯದು ಬರೀ ಹಾಳೆ.
ಪೆನ್ಸಿಲ್ಲು ಬದಲಿಸುತ್ತ, ಒತ್ತುತ್ತ, ಹತ್ತನೆಯದು
ಭಟ್ಟಿಯ ಬಾಯಿ.
ಅವಳು ಒಂದೊಂದೇ ಬಟ್ಟೆಯನ್ನು ಚೌಕದ ಪಕ್ಕ ಹಿಡಿದು,
ಕಣ್ಣು ಕಿರಿದು ಮಾಡಿ, ಅಕ್ಕಸಾಲಿಗನ ಹಾಗೆ:
ಆರು. ಏಳು. ಏಳು. ಎಂಟು.
ಎರಡು.
ಏಳು. ಎಂಟು.
ಕರಿಬಸಪ್ಪನವರು ಗ್ರಾಫು ಹಾಕಿಕೊಟ್ಟರು,
ನನ್ನದೇ ಬುಧವಾರದಲ್ಲಿ.

ಜನವರಿಯ ವಸ್ತುಪ್ರದರ್ಶನ. ತೀರ್ಪುಗಾರರು
ಐದನೇ ವಾರದ ಹಳ್ಳಕ್ಕೆ ಬೆರಳಿಟ್ಟರು.
‘ಇಲ್ಲೇನೋ ತಪ್ಪಾಗಿದೆಯಲ್ಲಮ್ಮ?’
‘ತಪ್ಪಿಲ್ಲ ಸಾರ್. ಆ ವಾರ ಭಟ್ಟಿ ಹಚ್ಚಲಿಲ್ಲ.
ನಮಗೆ ಕೂಲಿ ಇರಲಿಲ್ಲ.’
ಅವರು ಬಟ್ಟೆ ನೋಡಿದರು, ಬಹಳ ಬೆಳ್ಳಗಿತ್ತು.
ಕಾಗದದಲ್ಲಿ ‘ಮಾದರಿ ಚಲಿಸುವುದಿಲ್ಲ’ ಎಂದು ಬರೆದು
ಸಿರಿಂಜಿನ ನೀರಿನಿಂದ ಏಳುವ ಸೇತುವೆಗೆ
ಬಹುಮಾನ ಕೊಟ್ಟು ಹೋದರು.
ಸೇತುವೆ ಚೆನ್ನಾಗಿಯೇ ಇತ್ತು. ಬಣ್ಣ ನನ್ನದು.

ಬಟ್ಟೆಗಳನ್ನು ಅವಳಮ್ಮ ಒಲೆ ಒರೆಸಲು ಇಟ್ಟುಕೊಂಡರಂತೆ.

ಮಾರ್ಚಿ ಕೊನೆಯ ಶನಿವಾರ ಅಂಜಿನಪ್ಪನವರು ಬಂದರು:
‘ಪೋರ್ಷನ್ ಮುಗಿದಿದೆ, ನಿಮ್ಮ ಪಿರಿಯಡ್ಡು ನೀವೇ ತಗೊಳ್ಳಿ.’
ಒಂಬತ್ತು ತಿಂಗಳ ಮೇಲೆ ಕೈಗೆ ಬಂದ ಹಣದ ಹಾಗೆ
ಯಾವುದಕ್ಕೆ ಖರ್ಚು ಮಾಡುವುದೆಂದು ತಿಳಿಯದೆ
ತರಗತಿಯ ಬಾಗಿಲಲ್ಲಿ ನಿಂತೆ.
‘ಏನು ಬರೆಯೋಣ ಸಾರ್?’
ನನಗೇನೂ ತೋಚಲಿಲ್ಲ.
‘ಗೊತ್ತಿರೋದು ಬರೀರಿ’ ಅಂದೆ.

ಗುಡ್ಡ, ಗುಡ್ಡದ ನಡುವೆ ಸೂರ್ಯ.
ಇಪ್ಪತ್ತು ಗುಡ್ಡ, ಇಪ್ಪತ್ತು ಸೂರ್ಯ,
ದಾವಣಗೆರೆಯಲ್ಲಿ ಎಲ್ಲಿದೆಯೋ ಅಂಥ ಗುಡ್ಡ.
ಕೊನೆಯ ಬೆಂಚಿನಲ್ಲಿ ಮುಬೀನಾ
ಹಾಳೆಯನ್ನೆಲ್ಲ ಮೊದಲು ಕಪ್ಪು ಮಾಡಿಕೊಂಡು
ರಬ್ಬರಿನ ಮೂಲೆಯಿಂದ, ಮೆಲ್ಲಗೆ,
ಹೊಗೆಯನ್ನು ಬಿಡಿಸುತ್ತಿದ್ದಳು.
ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಹೊರಗೆ ದುರುಗಪ್ಪ ಗಂಟೆಯ ಕೋಲು ಎತ್ತಿದ್ದ.
ಓಡಿ ಹೋಗಿ ಅವನ ಕೈ ಹಿಡಿದೆ:
ಐದು ನಿಮಿಷ ಕಡ ಕೊಡಪ್ಪ.